ತೊಂಬತ್ತಾರು ಡಿಗ್ರಿ

ಕೆಲಮಂಗಲದಿಂದ ಹೊಸೂರಿಗೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕ ಫ್ಯಾಕ್ಟರಿ ಯೂನಿಫಾರಂ ತೊಟ್ಟವನೊಬ್ಬ ಕೂತಿದ್ದ. ಮನೆಯ ಕಂಪ್ಯೂಟರ್ ಎಷ್ಟು ಕಾದಿದೆಯೆಂದು ಅವನ ಮೊಬೈಲು ತೋರಿಸುತ್ತಿತ್ತು. ಆ ಅಂಕಿಯಿಂದ ಕಣ್ಣು ಕೀಳಲಾಗದೆ ಸ್ಪೀಕರ್ ಹಾಕಿಯೇ ತಾಯಿಗೆ ಫೋನ್ ಮಾಡಿದ. ಬೇಡವೆಂದರೂ ನನಗೆಲ್ಲ ಕೇಳಿಸಿತು.

“ಅಮ್ಮ, ತೊಂಬತ್ತೆರಡು ಡಿಗ್ರಿ ತೋರಿಸ್ತೈತೆ. ಫ್ಯಾನ್ ಹಾಕು.”

“ರೇಷ್ಮೆ ಹುಳ ಇರೋ ಕೋಣೇಲಿ ಫ್ಯಾನ್ ಹಾಕ್ತಾರೇನ್ಲಾ ಮುನಿರತ್ನ? ಹುಳ ಜ್ವರಕ್ಕೆ ಕೂತವೆ, ಪೊರೆ ಬಿಡ್ಬೇಕು. ಗಾಳಿ ಬಿದ್ರೆ ಒಂದೂ ಏಳಲ್ಲ.”

“ಬಾಗಿಲಾದ್ರೂ ತೆಗಿ.”

“ಅಲ್ಲಿಂದ ಬರೋದೂ ಗಾಳೀನೇ ಅಲ್ವೇನಪ್ಪ?”

“ನಾಳೆ ಮದುವೆ ವಿಡಿಯೋ ಕೊಡ್ಬೇಕಮ್ಮ. ಬೇಗ ಮುಗೀಲಿ ಅಂತ ಕಂಪ್ಯೂಟರ್ ಸ್ಪೀಡ್ ಏರಿಸಿ ಬಂದಿವ್ನಿ. ಎರಡು ದಿನದಿಂದ ಓಡ್ತೈತೆ. ಈಗ ನಿಂತ್ರೆ ಮೊದಲಿಂದ ಮಾಡ್ಬೇಕು.”

“ಓಡ್ಲಿ ಬಿಡು, ನಾನೇನು ಆಫ್ ಮಾಡಿಲ್ಲ.”

“ನಿನ್ನೆ ಎಂಬತ್ತು ದಾಟಿರ್ಲಿಲ್ಲ. ಈಗ ತೊಂಬತ್ತಾರು. ಏನ್ ಮಾಡ್ದೆ?”

“ಅದರ ಹಿಂದ್ಗಡೆಯಿಂದ ಬುಸ್ ಅಂತ ಗಾಳಿ ಬತ್ತಿತ್ತು. ಹುಳಕ್ಕೆ ತಗುಲ್ತದೆ ಅಂತ ಗೋಣಿಚೀಲ ಹೊದಿಸ್ದೆ.”

“ಅಯ್ಯೋ, ತೆಗಿಯಮ್ಮ ಅದನ್ನ!”

“ಸಂಜೆಗೆ ಹುಳ ಎದ್ಬಿಡ್ತವೆ. ಆಗ ತೆಗೀತೀನಿ.”

“ಸಂಜೆಗಂಟ ತಡೆಯಲ್ಲ. ನಾನು ಗೇಟಲ್ಲಿ ಫೋನ್ ಕೊಟ್ಟು ಒಳಕ್ಕೆ ಹೋಗ್ಬೇಕು, ಆಮೇಲೆ ನೋಡಾಕೂ ಆಗಲ್ಲ.”

ಮೊಬೈಲಿನಲ್ಲಿದ್ದ ಅಂಕಿ ಮಾಯವಾಯಿತು. ಅವನು ಪರದೆಯನ್ನು ಎರಡು ಸಲ ಒತ್ತಿ ನೋಡಿದ.

“ಮುನಿರತ್ನ, ಇಲ್ಲಿ ಅದರ ಸದ್ದೇ ನಿಂತೋಯ್ತು. ನೋಡ್ದಾ, ತಾನಾಗೇ ತಣ್ಣಗಾಯ್ತು. ಸುಮ್ನೆ ಗಾಬರಿ ಬೀಳ್ತೀಯ.”

ಬಸ್ಸು ಫ್ಯಾಕ್ಟರಿಯ ಮುಂದೆ ನಿಂತಿತು. ಅವನು “ಹೂಂ ಅಮ್ಮ” ಎಂದು ಇಳಿದುಹೋದ.