ನಾಲ್ಕೂವರೆಯ ದೋಣಿ

ಅಲ್ಲ ಕಣೇ, ಬೇಕಂತಲೇ ದೋಣಿ ತಪ್ಪಿಸಿಕೊಂಡೆ ಅಂದುಕೊಂಡ್ಯಾ? ಈ ವಯಸ್ಸಿಗೆ ಅದೊಂದು ಬಾಕಿ ಇತ್ತು ನನಗೆ! ಸ್ವಲ್ಪ ಆ ಟವೆಲ್ ಕೊಡು... ಬೇಡ ಬಿಡು, ನಾನೇ ತಗೋತೀನಿ. ಮೊಣಕಾಲಿನ ತನಕ ನೆಂದುಬಿಟ್ಟಿದೀನಿ ನೋಡು. ಹಡಗಿನ ದೋಣಿ ಆದರೆ ಬೆಂಚು, ಮೇಲೊಂದು ಸೂರು, ಎಲ್ಲಾ ಇರುತ್ತೆ. ಇದು ಆ ದ್ವೀಪದವನ ಮೀನಿನ ದೋಣಿ, ಎರಡು ಹಲಗೆ ಅಷ್ಟೇ. ಒಂದೊಂದು ಅಲೆಗೂ ನಾನು ದೇವರನ್ನ ಕರೆಯೋದು, ದೋಣಿಯವನು ನಗೋದು. ಏಣಿ ಹತ್ತಿ ಬಂದರೆ ಮೇಲೆ ನಿಂತಿದ್ದ ಜನ ಚಪ್ಪಾಳೆ ತಟ್ಟಿದರು ಕಣೇ! ನಾಚಿಕೆ ಆಗಿಹೋಯ್ತು.

ನೀನೂ ನಗಬಹುದು. ನಗು.

ಹೊಟ್ಟೆ ತೊಳೆಸೋದು ಕಡಿಮೆಯಾಯ್ತಾ? ಮಧ್ಯಾಹ್ನ ನೀನು ಮಲಗಿದ್ದಾಗ ನಾನೂ ಇಲ್ಲೇ ಇರ್ತೀನಿ ಅಂದೆ. ನೀನೇ ತಾನೇ, ಹೋಗಿ ನೋಡಿ ಬನ್ನಿ, ಮಗಳು ಕೇಳಿದರೆ ಹೇಳೋಕಾದರೂ ಬೇಕಲ್ಲ ಅಂದಿದ್ದು? ಹೋದೆ. ನೋಡಿದೆ. ಏನಿದೆ ಅಲ್ಲಿ! ಮರ ಅನ್ನೋದು ಒಂದೂ ಇಲ್ಲ. ಹತ್ತೊಂಬತ್ತು ಮನೆ, ನಲವತ್ತೊಂದು ಜನ. ಗಾಳಿಗೆ ಹಾರಿಹೋಗದ ಹಾಗೆ ಸೂರಿಗೆಲ್ಲ ಹಗ್ಗ ಕಟ್ಟಿ ಕಲ್ಲು ಇಳಿಬಿಟ್ಟಿದಾರೆ. ಸ್ಕೂಲು ಅಂತ ಒಂದು ಕೋಣೆ, ಮೂರೇ ಕುರ್ಚಿ. ಇನ್ನೂರು ಜನ ಕ್ಯಾಮೆರಾ ಹಿಡಕೊಂಡು ಇಳಿದೆವಲ್ಲ, ಪಾಪ, ಕುರಿಗಳಿಗೇ ಗಾಬರಿ!

ಆಮೇಲೆ... ಆಮೇಲೆ ಏನು, ಕೈಗಡಿಯಾರ ನಿಂತುಹೋಯ್ತು. ನಾಲ್ಕೂವರೆಗೆ ಕೊನೇ ದೋಣಿ ಅಂತ ಗೊತ್ತಿತ್ತು, ಹೊತ್ತೇ ತಿಳೀಲಿಲ್ಲ.

ಯಾಕೆ ಕೈ ನೋಡ್ತಿದ್ದೀಯ? ಹೂಂ, ಈಗ ಓಡ್ತಿದೆ. ಅಲ್ಲಿ ನಿಂತಿತ್ತು.

ಏನಾದರೂ ಅನ್ನೇ! ಸುಳ್ಳು ಅಂತಾದರೂ ಅನ್ನು. ಒಂದು ಮಾತಿಗೆ ಹತ್ತು ಮಾತು ಆಡೋಳು ನೀನು...

ಸರಿ. ನಿಂತಿರಲಿಲ್ಲ. ಮೂವತ್ನಾಲ್ಕು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಕೂತು ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯ್ತು ಅಂತ ಬರೆದವನು ನಾನು. ನನಗೆ ಹೊತ್ತು ತಿಳೀಲಿಲ್ಲ ಅಂದರೆ ಯಾರು ನಂಬ್ತಾರೆ! ದೋಣಿ ಹೊರಟಿದ್ದು ನಾಲ್ಕು ಮೂವತ್ತೆರಡಕ್ಕೆ. ಕಿಟಕಿಯಿಂದ ನೋಡ್ತಾ ಕೂತಿದ್ದೆ.

ಅಂಗಡಿ ಕಿಟಕಿ. ಅಲ್ಲಿ ಅಂಗಡೀನೂ ಅದೇ, ಅಂಚೆ ಕಚೇರೀನೂ ಅದೇ. ಬೂಟು, ಬ್ಯಾಟರಿ, ದಾರದ ಉಂಡೆ, ಒಂದು ತಕ್ಕಡಿ. ಗಂಡಸರ ಸ್ವೆಟರ್ ಹಾಕ್ಕೊಂಡಿದ್ದ ಒಬ್ಬ ಹೆಂಗಸು. ಚಳಿಗೆ ನಡುಗ್ತಿದ್ದೆ ಅಂತ ಕೂರಿಸಿ ಚಹಾ ಕೊಟ್ಟಳು. ದೋಣಿ ಹೋಗ್ತಿದೆಯಲ್ಲ, ಏಳೋದಿಲ್ವಾ ಅಂತ ಕೈಸನ್ನೆ ಮಾಡಿದಳು. ನಾನು ಏಳಲಿಲ್ಲ. ಯಾಕೆ ಅಂದರೆ... ಕಾಲು ಏಳಲಿಲ್ಲ ಕಣೇ, ಅಷ್ಟೇ. ಆ ಕುರ್ಚಿ ಬೆಚ್ಚಗಿತ್ತು. ಏನು ಮಾಡ್ತಿದ್ದೀರಿ, ಎಲ್ಲಿಗೆ ಹೊರಟಿರಿ, ಯಾಕೆ ಸುಮ್ಮನೆ ಕೂತಿರಿ ಅಂತ ಕೇಳೋರು ಯಾರೂ ಇರಲಿಲ್ಲ. ಊರಿಗೆ ಹೋದ ಕೂಡಲೇ ಮನೆ ಖಾಲಿ ಮಾಡಬೇಕು, ಮಗಳ ಮನೆ ಮಹಡಿ ಕೋಣೆ ಸೇರಬೇಕು... ಹೂಂ ಅಂದಿದ್ದೆ, ಇಲ್ಲ ಅನ್ನಲ್ಲ. ಎಲ್ಲಾ ನೀನೇ ಮಾತಾಡಿ ಮುಗಿಸಿದ್ದೆ, ನಾನು ಹೂಂ ಅಂದೆ.

ಅವಳಿಗೂ ಇಂಗ್ಲಿಷ್ ಅರ್ಧಂಬರ್ಧ, ನನಗೂ ಅರ್ಧಂಬರ್ಧ. ಏನು ಮಾತಾಡಿದೆವೋ ಏನೋ! ಅಷ್ಟರಲ್ಲಿ ಮೂಲೇಲಿದ್ದ ವೈರ್‌ಲೆಸ್ ಕರಕರ ಅಂತು. ಹಡಗಿನಿಂದ. ನಮ್ಮ ಕೋಣೆ ನಂಬರು ಕೇಳಿಸ್ತು, ಆರುನೂರ ಹದಿನೇಳು. ಅವಳು ಏನೋ ಉತ್ತರ ಕೊಟ್ಟಳು. ಅವರು ಮತ್ತೆ ಏನೋ ಅಂದರು. ಅವಳು ತಿರುಗಿ ನನ್ನ ಟೋಪಿ ನೋಡಿದಳು, ಕೋಟು ನೋಡಿದಳು... ಬಂದು ನನ್ನ ಕೈಯಿಂದ ಲೋಟ ತಗೊಂಡುಬಿಟ್ಟಳು ಕಣೇ. ಅರ್ಧ ಚಹಾ ಇನ್ನೂ ಇತ್ತು. ಬಾಗಿಲಿಗೆ ಹೋಗಿ ಅವಳ ತಮ್ಮನನ್ನ ಕೂಗಿದಳು. ಅವನು ದೋಣಿ ತಂದ, ನಾನು ಬಂದೆ. ಮುಗೀತು ಕಥೆ.

ಮುಗೀತು ಅಂದೆನಲ್ಲ, ಇನ್ನೂ ಯಾಕೆ ಹಾಗೆ ನೋಡ್ತೀಯ?

ಏಣಿ ಹತ್ತಿರ ಒಬ್ಬ ನಾವಿಕ ಅಂದ, ನಿಮ್ಮ ಮನೆಯವರು ಐದು ಗಂಟೆಯಿಂದ ಮೇಲೆ ಅಧಿಕಾರಿ ಜೊತೆ ಕೂತಿದ್ದರು ಅಂತ. ಮೇಲೆ ಅಂದರೆ... ವೈರ್‌ಲೆಸ್ ಕೋಣೇಲಾ? ಅವಳು ಮಾತಾಡೋವಾಗ ನೀನು ಅಲ್ಲೇ ಇದ್ದೆಯಾ?

ಆ ಅಧಿಕಾರಿ ನಿನಗೆ ಅರ್ಥ ಹೇಳಿದನಾ?

ಈ ಕಡೆ ತಿರುಗು. ಆ ಕಿಟಕೀಲಿ ಏನಿದೆ... ತಿರುಗೇ.

ಕೇಳಿಸಿಕೊಂಡಿದ್ದೀಯ. 'ಇಲ್ಲೊಬ್ಬರು ಇದ್ದಾರೆ, ಆದರೆ ನೀವು ಹುಡುಕೋರಲ್ಲ. ಇವರಿಗೆ ಹೆಂಡತಿ ಇಲ್ಲ.' ಅಷ್ಟು ಮಾತು ನನಗೂ ಅರ್ಥವಾಗಿತ್ತು.

ಅವಳು ಬೆರಳೆತ್ತಿ, ಒಬ್ಬರೇನಾ ಅಂದಳು. ಒಬ್ಬನೇ ಬಂದಿದ್ದೆನಲ್ಲ, ತಲೆಯಾಡಿಸಿದೆ, ಅವಳು ತಪ್ಪು ತಿಳಕೊಂಡಳು... ಅಂತ ದೋಣೀಲಿ ಬರ್ತಾ ಜೋಡಿಸಿಕೊಂಡಿದ್ದೆ. ನಿನಗೆ ಹಾಗೇ ಹೇಳೋಣ ಅಂತ. ಇಲ್ಲ. ಹೆಂಡತಿ ಎಲ್ಲಿ ಅಂದಳು. ತೀರಿಕೊಂಡಳು ಅಂದೆ. ಈ ಬಾಯಲ್ಲೇ. ಯಾವಾಗ ಅಂತ ಕೇಳಿದಳು, ಪಾಪ, ಮರುಕದಿಂದ. ಅದನ್ನೂ ಹೇಳಿದೆ. ಹೋದ ವರ್ಷ, ಬೆಳಗಿನ ಜಾವ, ಐದೂ ಹತ್ತು.

ಗೊತ್ತಾಯ್ತಾ ಅದು ಯಾವತ್ತು ಅಂತ? ನಿನ್ನ ಹೃದಯದ ಆಪರೇಷನ್ ಆದ ದಿನ. ಐದೂ ಹತ್ತಕ್ಕೆ ನರ್ಸ್ ಹೊರಗೆ ಬಂದಳು. ಉಳಕೊಂಡರು ಅಂದಳು. ಅವಳು ಬರೋಕೆ ಮುಂಚೆ ನಾನು ಆ ಬೆಂಚಿನ ಮೇಲೆ ಕೂತು, ನೀನಿಲ್ಲದ ಮನೇನ ಮನಸ್ಸಲ್ಲೇ ಒಂದು ಸುತ್ತು ಹಾಕಿ ಬಂದಿದ್ದೆ. ಅಡುಗೆಮನೆ, ಹಿತ್ತಲು, ಎಲ್ಲಾ. ಹೆದರಿಕೆ ಆಗುತ್ತೆ ಅಂದುಕೊಂಡೆ... ಆಗಲಿಲ್ಲ ಕಣೇ. ಹಗುರ ಅನ್ನಿಸ್ತು. ನರ್ಸ್ ಬಂದಾಗ ಅತ್ತೆನಲ್ಲ, ಎಲ್ಲರೂ ಖುಷಿಗೆ ಅಂದುಕೊಂಡರು. ನೀನೂ ಅದನ್ನ ಎಷ್ಟು ಜನರ ಮುಂದೆ ಹೇಳಿಕೊಂಡೆ! ಅವತ್ತಿನಿಂದ ನೀನು ಏನು ಹೇಳಿದರೂ ಹೂಂ. ಬೇರೆ ಏನು ಅನ್ನಲಿ, ಯಾವ ಮುಖ ಇಟ್ಟುಕೊಂಡು ಅನ್ನಲಿ?

ಬೈಯಿ. ನಾನು ಬೈಸಿಕೊಳ್ಳೋಕೇ ನಿಂತಿದೀನಿ.

ಏನು... ನಿನ್ನ ದಿಂಬಿನ ಕೆಳಗಿಂದ ಅದೇನು ಗಂಟು ತೆಗೀತಿದ್ದೀಯ? ನನ್ನ ಮಾತ್ರೆ ಡಬ್ಬಿ ಯಾಕೆ? ಕನ್ನಡಕದ ಪೆಟ್ಟಿಗೆ... ಎಲ್ಲಾ ಮೇಜಿನ ಮೇಲೆ ಯಾಕೆ ಜೋಡಿಸ್ತಿದ್ದೀಯ? ಮೇಲಿಂದ ಇಳಿದು ಬಂದ ಮೇಲೆ ಕಟ್ಟಿಟ್ಟಿದ್ಯಾ ಇದನ್ನೆಲ್ಲ? ನಾನು ಅಲ್ಲೇ ಇರಲಿ ಅಂತ, ಸಾಮಾನು ಆ ದ್ವೀಪಕ್ಕೆ ಕಳಿಸೋಕಾ?

ಲೇ... ಹಡಗು ಹೊರಟಾಯ್ತಲ್ಲೇ.