ರಾಜಕುಮಾರಿಯ ಮೂರು ನಿಮಿಷ

ಮೇಲಿನ ತಟ್ಟೆಯಲ್ಲಿ ವಿರಾಜಮಾನರಾಗಿರುವ ಮಾನ್ಯ ಸಭಾಧ್ಯಕ್ಷ ಹುಳುವೇ, ನಡುತಟ್ಟೆಯ ಮುಖ್ಯ ಅತಿಥಿಗಳೇ, ಕೆಳತಟ್ಟೆಯಲ್ಲಿ ಕಿಕ್ಕಿರಿದಿರುವ ಸಭಿಕರೇ, ನಾಲ್ಕನೇ ಜ್ವರ ಬಿಟ್ಟು, ಪೊರೆ ಕಳಚಿ ಎದ್ದು ಹಿಪ್ಪುನೇರಳೆ ಸೊಪ್ಪಿಗೆ ಬಾಯಿ ಹಾಕಿರುವ ತಮಗೆಲ್ಲ ವಂದನೆಗಳು. ತಾವು ತಲೆ ಎತ್ತದಿದ್ದರೂ ಬೇಸರವಿಲ್ಲ. ನಮ್ಮ ಮುಳಬಾಗಿಲು ಕಡೆಯ ಸಭೆಗಳಲ್ಲೂ ಊಟ ಬಡಿಸಿದ ಮೇಲೆ ಭಾಷಣ ಕೇಳುವವರಿಲ್ಲ. ರೇಷ್ಮೆ ಹುಳುವಿನ ಮನೆಗೆ ಹೊರಗಿನವರು ಕಾಲಿಡಬಾರದೆಂಬ ಕಟ್ಟುನಿಟ್ಟು ಬೇರೆ ಇದೆ. ಇಂಥ ಸಭಾಂಗಣ ನನಗೆ ಇನ್ನೆಲ್ಲಿ ಸಿಕ್ಕೀತು?

ಇಂದಿನ ವಿಷಯ, ಯೂರೋಪಿನ ರಾಜಕುಮಾರಿ ಎಲೋನಾಳ ಜೀವನ. ನಮ್ಮೂರ ಗ್ರಂಥಾಲಯದ ಪತ್ರಿಕೆಗಳಲ್ಲಿ ಹದಿನೈದು ವರ್ಷದಿಂದ ಆಕೆಯನ್ನು ಓದುತ್ತ ಬಂದಿದ್ದೇನೆ. ಸೈಕಲ್ ತುಳಿದು ಶಾಲೆಗೆ ಹೋದಳು, ಬಂದೂಕು ಹಿಡಿದು ಸೈನ್ಯದಲ್ಲಿ ಪಳಗಿದಳು. ಅಷ್ಟೆಲ್ಲ ಕಲಿತವಳಿಗೆ ಸಿಕ್ಕ ಕೆಲಸವೇನು? ರಿಬ್ಬನ್ ಕತ್ತರಿಸುವುದು, ಮುಗುಳ್ನಗುವುದು, ಅರಮನೆಯವರು ಬರೆದುಕೊಟ್ಟದ್ದನ್ನು ಓದುವುದು.

ಎಲ್ಲೋ ಕೇಳಿದಂತಿದೆಯಲ್ಲವೇ? ನಾನು ರಜನಿ, ಬಿ.ಎ., ಈ ಊರಿನ ಪಂಚಾಯಿತಿ ಅಧ್ಯಕ್ಷೆ. ಸಹಿ ನನ್ನದು, ಸದ್ದು ನನ್ನ ಯಜಮಾನರದು. ಹಾರ ನನ್ನದು, ಅಧಿಕಾರ ಅವರದು. ಮೊದಲ ದಿನ ಕಚೇರಿಯಲ್ಲಿ ಗುಮಾಸ್ತ ನನ್ನನ್ನೇ ಕೇಳಿದ, "ಅಧ್ಯಕ್ಷರು ಬರ್ಲಿಲ್ವಾ ಮೇಡಂ?" ನಾನೂ ಗಂಭೀರವಾಗಿ, "ಹಿಂದೆ ಬರ್ತಿದ್ದಾರೆ" ಎಂದೆ.

ನಾಳೆ ಗ್ರಾಮಸಭೆ. ಯಜಮಾನರಾದ ವೆಂಕಟ್ ನನ್ನ ಭಾಷಣವನ್ನು ಎರಡು ಪುಟ ಬರೆದುಕೊಟ್ಟಿದ್ದಾರೆ. ಮೊದಲನೆಯದರಲ್ಲಿ ಸ್ವಾಗತ, ಎರಡನೆಯದರಲ್ಲಿ ಗ್ರಂಥಾಲಯ ಮುಚ್ಚಿ ಆ ಕೋಣೆಯನ್ನು ಅವರ ಗೆಳೆಯನ ಗೊಬ್ಬರದಂಗಡಿಗೆ ಕೊಡುವ ಘೋಷಣೆ. "ನೀನು ಓದು ಸಾಕು ಕಣೇ, ಯೋಚನೆ ನಾನು ಮಾಡಿದ್ದೀನಿ" ಎಂದರು. ಸುದ್ದಿ ತಿಳಿದು ಗ್ರಂಥಾಲಯ ನೋಡಿಕೊಳ್ಳುವ ಕಹಕಶಾ ನಮ್ಮ ಮನೆಗೆ ಓಡಿಬಂದಳು.

"ಅಕ್ಕಾ, ಆ ರೂಮು ಹೋದ್ರೆ ನಮ್ ಹೆಣ್ಮಕ್ಳು ಎಲ್ಲಿ ಕೂತು ಓದ್ತಾರೆ?"

ಯಜಮಾನರನ್ನು ಕೇಳಿ ಹೇಳುತ್ತೇನೆ ಎಂದುಬಿಟ್ಟೆ. ಬಾಯಿಗೆ ಅದೇ ಅಭ್ಯಾಸ.

ಆದರೆ ನಮ್ಮ ಎಲೋನಾ? ಒಂದು ಆಸ್ಪತ್ರೆಯ ಉದ್ಘಾಟನೆಯಲ್ಲಿ ಬರೆದುಕೊಟ್ಟ ಕಾಗದವನ್ನು ಮಡಿಸಿ ಬ್ಯಾಗಿಗೆ ಹಾಕಿದಳು ಸಭಿಕರೇ, ಮಡಿಸಿ ಬ್ಯಾಗಿಗೆ ಹಾಕಿದಳು! ಮೂರು ನಿಮಿಷ ತನ್ನದೇ ಮಾತಾಡಿದಳು. ಅರಮನೆ ಅಲುಗಿತು, ಅರಸನಿಗೆ ಬೆವರಿಳಿಯಿತು. ಆಕಾಶ ಬಿತ್ತೇ? ಇಲ್ಲ. ಕಿರೀಟ ಬಿತ್ತೇ? ಇಲ್ಲ. ಬಿದ್ದದ್ದು ಬರೀ ಚಪ್ಪಾಳೆ. ಅಂದಮೇಲೆ ನಾಳೆ ನಾನೂ...

ಇಲ್ಲ. ಸುಳ್ಳು ಹೇಳಿದೆ. ಎಲೋನಾ ಹಾಗೆ ಮಾಡಲೇ ಇಲ್ಲ. ಅಂದು ಆಕೆ ಕಾಗದವನ್ನು ಕೊನೆಯ ಸಾಲಿನವರೆಗೂ ಓದಿ, ನಕ್ಕು, ಕಾರು ಹತ್ತಿದಳು. ಪತ್ರಿಕೆಯಲ್ಲಿ ಇದ್ದದ್ದು ಅಷ್ಟೇ. ಆ ಮೂರು ನಿಮಿಷ ನಾನೇ ಕಟ್ಟಿದ್ದು, ನನಗಿಂತ ಮೊದಲು ಯಾರಾದರೂ ಒಬ್ಬಳು ಎದ್ದು ನಿಂತಿರಲಿ ಎಂದು.

ಎರಡನೇ ಪುಟವನ್ನು ತಮ್ಮ ತಟ್ಟೆಗೆ ಹಾಸಿ, ಮೇಲೆ ಸೊಪ್ಪು ಹಾಕಿದ್ದೇನೆ. ನಾಳೆ ಸ್ವಾಗತ ಮುಗಿದ ಮೇಲೆ ನನ್ನ ಕೈಯಲ್ಲಿ ಓದಲು ಏನೂ ಇರುವುದಿಲ್ಲ. ನಡುವೆ ಎದ್ದು ಹೋಗದೆ ಕೂತದ್ದಕ್ಕೆ ಧನ್ಯವಾದ. ನಮಸ್ಕಾರ.