ಬರಿದಾಗಿ ಬಾರದ ಬಟ್ಟಲು

ಆ ಬೆಳಿಗ್ಗೆ ತುಂಗಭದ್ರೆಯ ಮಂಜು ಹರಿಹರದ ಬಸ್ ನಿಲ್ದಾಣದವರೆಗೂ ಬಂದಿತ್ತು. ನನ್ನ ಪಕ್ಕದ ಬೆಂಚಿನಲ್ಲಿ ನರ್ಸ್ ರೋಸಮ್ಮ, ಅವರ ಓಣಿಯ ಗಿರಿಯಮ್ಮ. ಗಿರಿಯಮ್ಮನ ಮಡಿಲಲ್ಲಿ ಬಣ್ಣದ ಕಾಗದ ಸುತ್ತಿದ ಗಂಟು.

“ಹೋದ ಕ್ರಿಸ್‌ಮಸ್ಸಿಗೆ ತಿಂಡಿ ತುಂಬಿ ಕಳಿಸಿದ ನನ್ನ ಬಟ್ಟಲು ಎಲ್ಲೈತ್ರಿ?” ರೋಸಮ್ಮ ಕೇಳಿದರು.

“ಬರೇ ಬಟ್ಟಲು ಹೆಂಗೆ ಕೊಡ್ಲಿ? ಉಂಡಿ ಕಟ್ಟಬೇಕಂತ ವರ್ಷ ಹೋತು. ನಾಚಿಕೆಯಾಗಿ ನಿಮ್ಮನ್ನ ಕಂಡ್ರೆ ಸಂದಿ ಹಿಡೀತಿದ್ದೆ.”

“ಅದಕ್ಕಾ ಆ ಓಟ! ಈ ಗಂಟು ಯಾರಿಗ್ರಿ?”

“ಮೊದಲು ಹೇಳ್ರಿ, ನಿಮ್ಮೋರು ಉಡುಗೊರೆ ಹಿಂಗೇ ಸುತ್ತೋದಾ? ಮೈದಾ ಅಂಟು, ಹಳೇ ಸೀರೆ ಜರಿ.”

“ಭಾಳ ಚಂದ ಐತೆ. ಮೂಲೆಗೆ ಯಾಕ ಅರಿಶಿಣ?”

“ಶುಭಕ್ಕೆ ಹಚ್ಚಬ್ಯಾಡ್ವಾ?”

“ನಮ್ಮ ಯೇಸುಸ್ವಾಮಿ ಬ್ಯಾಡ ಅನ್ನಂಗಿಲ್ಲ ಬಿಡ್ರಿ.”

ದಾವಣಗೆರೆ ಬಸ್ಸು ಬಂತು. ರೋಸಮ್ಮ ಮೆಟ್ಟಿಲೇರುವಾಗ ಗಿರಿಯಮ್ಮ, ಪ್ರಸಾದ ಕೊಡುವ ಹಾಗೆ ಎರಡೂ ಕೈಯಲ್ಲಿ, ಆ ಗಂಟನ್ನು ಅವರಿಗೆ ಕೊಟ್ಟರು. ಕಾಗದದಡಿ ಬಟ್ಟಲಿನ ದುಂಡು ಅಂಚು ಕಾಣುತ್ತಿತ್ತು.